ಹದಿನಾಲ್ಕನೆಯ ದಿನದ ಲೆಕ್ಕ ಎಲ್ಲರಿಗೂ ಹೊಂದದು

ಮದುವೆಯಾಗಿ ಎರಡು ವರ್ಷವಾದ ಹೆಣ್ಣುಮಗಳೊಬ್ಬಳು ಕೆಲವು ದಿನಗಳ ಹಿಂದೆ ಅತ್ತೆಯೊಡನೆ ಬಂದಿದ್ದಳು. ಕೈಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಮುಟ್ಟಾದ ದಿನಕ್ಕೆ ಕೆಂಪು ಗುರುತು, ಅಲ್ಲಿಂದ ಹದಿನಾಲ್ಕನೆಯ ದಿನಕ್ಕೆ ನೀಲಿ ಗುರುತು. "ಒಂದು ತಿಂಗಳೂ ಆ ದಿನ ತಪ್ಪಿಸಿಲ್ಲ ಡಾಕ್ಟ್ರೇ, ಆದರೂ ಏನೂ ಆಗಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಕೆಂಪು ಗುರುತುಗಳ ನಡುವಿನ ದಿನಗಳನ್ನು ಎಣಿಸಿ ನೋಡಿದೆ. ಒಮ್ಮೆ 36, ಇನ್ನೊಮ್ಮೆ 44, ಮತ್ತೊಮ್ಮೆ 39. ಎರಡು ವರ್ಷ ಆಕೆ ಶ್ರದ್ಧೆಯಿಂದ ಪಾಲಿಸಿದ ದಿನ ಆಕೆಯ ದೇಹಕ್ಕೆ ಸಂಬಂಧಪಟ್ಟ ದಿನವೇ ಆಗಿರಲಿಲ್ಲ.

ಇದೇನೂ ಅಪರೂಪದ ಪ್ರಸಂಗವಲ್ಲ. ಮಗುವಿಗಾಗಿ ಹಂಬಲಿಸುವ ದಂಪತಿಗಳಿಗೆ ಬಂಧುಗಳು, ಗೆಳತಿಯರು, ಕೆಲವೊಮ್ಮೆ ನಾವು ವೈದ್ಯರೂ ಕೊಡುವ ಸಲಹೆ ಒಂದೇ: ಹದಿನಾಲ್ಕನೆಯ ದಿನವನ್ನು ನೋಡಿಕೊಳ್ಳಿ. ಮುಟ್ಟು ಏರುಪೇರಾಗುವ ಹೆಂಗಸಿಗೆ ಈ ಸಲಹೆ ಬರೀ ನಿರುಪಯುಕ್ತವಲ್ಲ, ಹಾನಿಕರ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ತಿಂಗಳುಗಳನ್ನು ವ್ಯರ್ಥ ಮಾಡುತ್ತದೆ. ಸೋಲಿನ ಹೊಣೆಯನ್ನು ಆಕೆಯ ತಲೆಗೇ ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, 'ಮುಟ್ಟು ಏಕೆ ಏರುಪೇರಾಗುತ್ತಿದೆ?' ಎಂದು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಮರೆಸಿಬಿಡುತ್ತದೆ.

ಲೆಕ್ಕ ಹಿಂದಿನಿಂದ

ಅಂಡಾಶಯದಲ್ಲಿ ಅಂಡಾಣು ಬಲಿತು ಹೊರಬೀಳಲು ಬೇಕಾಗುವ ಕಾಲ ಹೆಂಗಸಿನಿಂದ ಹೆಂಗಸಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಆದರೆ ಅಂಡಾಣು ಹೊರಬಿದ್ದ ಮೇಲೆ ಮುಂದಿನ ಮುಟ್ಟಿನವರೆಗಿನ ಕಾಲ ಅಷ್ಟಾಗಿ ಬದಲಾಗುವುದಿಲ್ಲ. ಸುಮಾರು ಎರಡು ವಾರ. ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಸತ್ಯ ಇದೇ. ಆದ್ದರಿಂದ ಹದಿನಾಲ್ಕನ್ನು ಎಣಿಸಬೇಕಾದದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. 28 ದಿನಗಳ ಚಕ್ರದಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುವುದರಿಂದ ಈ ಗೊಂದಲ ಹುಟ್ಟಿತು. ಮೇಲೆ ಹೇಳಿದ ಹೆಣ್ಣುಮಗಳಿಗೆ ಅಂಡಾಣು ಬಿಡುಗಡೆಯಾಗಿದ್ದರೆ ಅದು ಒಮ್ಮೆ 22ನೆಯ ದಿನದ ಆಸುಪಾಸಿನಲ್ಲಿ, ಇನ್ನೊಮ್ಮೆ 30ರ ಆಸುಪಾಸಿನಲ್ಲಿ ಆಗಿರಬೇಕು.

ಹಾಗಾದರೆ ಹಿಂದಿನಿಂದ ಎಣಿಸಿದರಾಯಿತಲ್ಲ ಎನ್ನುತ್ತೀರಾ? ಮುಂದಿನ ಮುಟ್ಟು ಎಂದೆಂದು ಮೊದಲೇ ತಿಳಿದಿದ್ದರೆ ತಾನೇ? ಏರುಪೇರು ಇರುವವರಿಗೆ ಈ ಲೆಕ್ಕ ಮದುವೆ ಊಟ ಮುಗಿದ ಮೇಲೆ ಆಮಂತ್ರಣ ಪತ್ರಿಕೆ ಕೈಸೇರಿದಂತೆ.

1995ರಲ್ಲಿ ಅಮೆರಿಕದ ಸಂಶೋಧಕರು ಗರ್ಭಿಣಿಯಾಗಲು ಬಯಸಿದ 221 ಹೆಂಗಸರ ಅಧ್ಯಯನವೊಂದನ್ನು ಪ್ರಕಟಿಸಿದರು. ಅಂಡಾಣು ಬಿಡುಗಡೆಯಾದ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲಿ ಸಮಾಗಮ ನಡೆದಾಗ ಮಾತ್ರ ಗರ್ಭ ನಿಂತಿತ್ತು. ಕಾರಣ ಸರಳ: ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಬದುಕಬಲ್ಲದು, ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅದೇ ಸಂಶೋಧಕರು 2000ದಲ್ಲಿ ಇನ್ನೊಂದು ವಿಷಯ ತಿಳಿಸಿದರು. ಈ ಆರು ದಿನಗಳು ಪೂರ್ತಿಯಾಗಿ 10ರಿಂದ 17ನೆಯ ದಿನದೊಳಗೆ ಬೀಳುವುದು ನೂರರಲ್ಲಿ ಸುಮಾರು 30 ಹೆಂಗಸರಿಗೆ ಮಾತ್ರ. ಮುಟ್ಟು ಕ್ರಮವಾಗಿರುವವರಲ್ಲೂ ಈ ದಿನಗಳು ಹಿಂದುಮುಂದಾಗಬಹುದು ಎಂದ ಮೇಲೆ, ಏರುಪೇರು ಇರುವವರ ಪಾಡೇನು!

ಈಗಂತೂ ಮೊಬೈಲ್ ಫೋನಿನಲ್ಲೇ ದಿನ ತೋರಿಸುವ ಆಪ್‌ಗಳು ಬಂದಿವೆ. ಮುಟ್ಟಿನ ದಿನಾಂಕವನ್ನಷ್ಟೇ ಕೇಳಿ ಬಣ್ಣ ಬಣ್ಣದ ಸುತ್ತು ಹಾಕಿಕೊಡುವ ಆಪ್ ಮಾಡುವುದು ಹಿಂದಿನ ತಿಂಗಳುಗಳ ಸರಾಸರಿ ಲೆಕ್ಕವನ್ನೇ. 30 ಮತ್ತು 50ರ ಸರಾಸರಿ 40 ಎಂದು ಯಂತ್ರ ಹೇಳಬಹುದು. ನಿಮ್ಮ ಅಂಡಾಶಯ ಅದನ್ನು ಕೇಳಬೇಕಲ್ಲ!

ದೇಹ ಕೊಡುವ ಸುಳಿವುಗಳು

ಕ್ಯಾಲೆಂಡರ್ ಹೇಳದ್ದನ್ನು ದೇಹ ಒಂದಿಷ್ಟು ಹೇಳುತ್ತದೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಅನುಭವ. ನಂತರ ಗರ್ಭಕೋಶದ ಕೊರಳಿನಿಂದ ಲೋಳೆ ಒಸರತೊಡಗುತ್ತದೆ. ಮೊದಮೊದಲು ಮಂದವಾಗಿ, ಅಂಟಂಟಾಗಿರುವ ಇದು ಅಂಡಾಣು ಬಿಡುಗಡೆ ಹತ್ತಿರವಾದಂತೆ ತೆಳ್ಳಗೆ, ಪಾರದರ್ಶಕವಾಗಿ, ಹಸಿ ಮೊಟ್ಟೆಯ ಬಿಳಿಯ ಭಾಗದಂತೆ ಆಗುತ್ತದೆ. ಮೊಟ್ಟೆ ಮುಟ್ಟದ ಮನೆಯವರು ಲೋಳೆಸರದ ತಿರುಳನ್ನು ನೆನೆದುಕೊಳ್ಳಿ. ಎರಡು ಬೆರಳುಗಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ಈ ಜಾರುವ ಲೋಳೆ ಕಾಣುವ ದಿನಗಳೇ ಗರ್ಭ ನಿಲ್ಲಲು ಅನುಕೂಲವಾದ ದಿನಗಳು. ವೀರ್ಯಾಣುಗಳು ಈಜಿ ಮೇಲೇರಲು ಪ್ರಕೃತಿ ಮಾಡಿದ ಏರ್ಪಾಡು ಇದು.

ನಮ್ಮಲ್ಲಿ ಅನೇಕ ಹೆಂಗಸರು ಇದನ್ನು ಬಿಳಿಸೆರಗು ಎಂದು ತಿಳಿದು ಔಷಧಿ ಕೇಳಿಕೊಂಡು ಬರುತ್ತಾರೆ. ವಾಸನೆ, ನವೆ, ಉರಿ, ಮೊಸರಿನಂಥ ಗಟ್ಟಿ ಸ್ರಾವ ಇದ್ದರೆ ಮಾತ್ರ ಅದು ಸೋಂಕಿನ ಲಕ್ಷಣ, ಚಿಕಿತ್ಸೆ ಬೇಕು. ಉಳಿದದ್ದು ಆರೋಗ್ಯದ ಗುರುತು. ಇದನ್ನು ಗುರುತಿಸಲು ದೊಡ್ಡ ವಿದ್ಯೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದ ಕೇಂದ್ರಗಳಲ್ಲಿ ನಮ್ಮ ಬೆಂಗಳೂರೂ ಒಂದಾಗಿತ್ತು. ಕಲಿಕೆಯ ಮೊದಲ ತಿಂಗಳಿನಲ್ಲೇ ನೂರರಲ್ಲಿ 93 ಮಂದಿ ಲೋಳೆಯ ಬದಲಾವಣೆಯನ್ನು ಸರಿಯಾಗಿ ಗುರುತಿಸಿ ಬರೆದಿಟ್ಟಿದ್ದರು. ಅಲ್ಲಿನ ಉದ್ದೇಶ ಗರ್ಭ ತಡೆಯುವುದಾಗಿತ್ತು. ಅದೇ ತಿಳಿವಳಿಕೆ ಗರ್ಭ ಬಯಸುವವರಿಗೂ ಉಪಯುಕ್ತ. ಆದರೆ ಒಂದು ಎಚ್ಚರಿಕೆ. ಏರುಪೇರು ಇರುವವರಲ್ಲಿ ಈ ಲೋಳೆ ಒಂದು ಬಾರಿ ಕಾಣಿಸಿಕೊಂಡು, ಅಂಡಾಣು ಬಿಡುಗಡೆಯಾಗದೆ ಮಾಯವಾಗಿ, ವಾರ ಹತ್ತು ದಿನ ಬಿಟ್ಟು ಮತ್ತೆ ಬರಬಹುದು. ಪ್ರತಿ ಬಾರಿಯನ್ನೂ ಅನುಕೂಲ ಕಾಲವೆಂದೇ ಎಣಿಸಿ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಥರ್ಮಾಮೀಟರಿನಿಂದ ಮೈಯ ಉಷ್ಣತೆ ನೋಡಿ ಬರೆದಿಡುವ ವಿಧಾನವೂ ಇದೆ. ಅಂಡಾಣು ಬಿಡುಗಡೆಯಾದ ಮೇಲೆ ಉಷ್ಣತೆ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಏರಿ ಮುಂದಿನ ಮುಟ್ಟಿನವರೆಗೆ ಹಾಗೆಯೇ ಉಳಿಯುತ್ತದೆ. ಆದರೆ ಏರಿಕೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಆದ್ದರಿಂದ ದಿನ ಹಿಡಿಯಲು ಇದು ಸಾಧನವಲ್ಲ. ಅಂಡಾಣು ಬಿಡುಗಡೆಯಾಗುತ್ತಿದೆಯೇ ಇಲ್ಲವೇ ಎಂದು ಎರಡು ಮೂರು ತಿಂಗಳು ನೋಡಿ ವೈದ್ಯರಿಗೆ ತೋರಿಸಲು ಮಾತ್ರ ಉಪಯೋಗ. ವರ್ಷಗಟ್ಟಲೆ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡೇ ದಿನ ಆರಂಭಿಸುವ ಶಿಕ್ಷೆ ಯಾರಿಗೂ ಬೇಡ.

ಔಷಧಿ ಅಂಗಡಿಗಳಲ್ಲಿ ಸಿಗುವ ಮೂತ್ರ ಪರೀಕ್ಷೆಯ ಪಟ್ಟಿಗಳು ಎಲ್‌ಎಚ್ ಎಂಬ ಹಾರ್ಮೋನಿನ ಏರಿಕೆಯನ್ನು ತೋರಿಸುತ್ತವೆ. ಏರಿಕೆಯ ನಂತರ ಒಂದರಿಂದ ಒಂದೂವರೆ ದಿನದಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ. ಮುಟ್ಟು ಕ್ರಮವಾಗಿರುವವರಿಗೆ ಇವು ಒಳ್ಳೆಯ ನೆರವು. ಆದರೆ ಏರುಪೇರು ಇರುವವರು ತಿಂಗಳಿಗೆ ಹದಿನೈದು ಇಪ್ಪತ್ತು ಪಟ್ಟಿಗಳನ್ನು ಖರ್ಚು ಮಾಡಬೇಕಾದೀತು. ಏರುಪೇರಿಗೆ ಅತಿ ಸಾಮಾನ್ಯ ಕಾರಣವಾದ ಪಿಸಿಓಎಸ್‌ನಲ್ಲಿ ಎಲ್‌ಎಚ್ ಸದಾ ಹೆಚ್ಚಾಗಿರುವ ಸಾಧ್ಯತೆ ಇರುವುದರಿಂದ, ಪಟ್ಟಿ ದಿನವೂ 'ಇವತ್ತೇ, ಇವತ್ತೇ' ಎಂದು ಸುಳ್ಳು ಹೇಳಬಹುದು.

ಎಲ್ಲಕ್ಕಿಂತ ಸುಲಭವಾದದ್ದು

ಹಾಗಾದರೆ ಮಾಡುವುದೇನು? ಎರಡು ಮೂರು ದಿನಗಳಿಗೊಮ್ಮೆ, ಇಡೀ ತಿಂಗಳು, ದಂಪತಿಗಳು ಸಹಜವಾಗಿ ಕೂಡುತ್ತಿದ್ದರೆ ಸಾಕು. ಅಂಡಾಣು ಎಂದು ಬಿಡುಗಡೆಯಾದರೂ ಅಲ್ಲಿ ವೀರ್ಯಾಣು ಕಾದಿರುತ್ತದೆ. ಲೋಳೆಯ ಸುಳಿವು ಕಂಡ ದಿನಗಳಲ್ಲಿ ಇದನ್ನು ತಪ್ಪಿಸದಿರಿ. 'ಶಕ್ತಿ' ಕೂಡಿಡಲೆಂದು ಹತ್ತು ಹದಿನೈದು ದಿನ ದೂರವಿದ್ದು ಒಂದೇ ದಿನಕ್ಕೆ ಕಾಯುವುದು ತಪ್ಪು. ಹಳೆಯ ವೀರ್ಯಾಣುಗಳು ಚುರುಕು ಕಳೆದುಕೊಂಡಿರುತ್ತವೆ. ಸಮಸಂಖ್ಯೆಯ ರಾತ್ರಿ ಗಂಡು, ಬೆಸಸಂಖ್ಯೆಯ ರಾತ್ರಿ ಹೆಣ್ಣು ಎಂಬ ಲೆಕ್ಕವನ್ನೂ ಕೆಲವು ಹಿರಿಯರು ಸೇರಿಸುತ್ತಾರೆ. ಮಗು ಗಂಡೋ ಹೆಣ್ಣೋ ಎಂಬುದು ಗಂಡನ ವೀರ್ಯಾಣುವಿನಿಂದ ನಿರ್ಧಾರವಾಗುವುದೇ ಹೊರತು ರಾತ್ರಿಯ ಸಂಖ್ಯೆಯಿಂದಲ್ಲ.

ಏರುಪೇರಿಗೆ ಕಾರಣ ಹುಡುಕಿ

ಮುಟ್ಟಿನಿಂದ ಮುಟ್ಟಿಗೆ 24ರಿಂದ 38 ದಿನ ಇರುವುದು ಸಹಜ. ನಾಲ್ಕೈದು ದಿನಗಳ ವ್ಯತ್ಯಾಸಕ್ಕೆ ಹೆದರಬೇಕಿಲ್ಲ. ಇದಕ್ಕಿಂತ ಹೆಚ್ಚು ಏರುಪೇರು ಇದ್ದರೆ ಅನೇಕ ತಿಂಗಳು ಅಂಡಾಣು ಬಿಡುಗಡೆಯೇ ಆಗುತ್ತಿಲ್ಲದಿರಬಹುದು. ಬಾರದ ಬಸ್ಸಿಗೆ ವೇಳಾಪಟ್ಟಿ ನೋಡಿ ಏನು ಪ್ರಯೋಜನ?

ಮಗುವಿಗಾಗಿ ಒಂದು ವರ್ಷ ಪ್ರಯತ್ನಿಸಿ ನಂತರ ವೈದ್ಯರಲ್ಲಿಗೆ ಹೋಗಿ, ವಯಸ್ಸು 35 ದಾಟಿದ್ದರೆ ಆರು ತಿಂಗಳು ಸಾಕು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಮುಟ್ಟು ಕ್ರಮವಾಗಿರುವವರಿಗೆ ಹೇಳಿದ್ದು. ಏರುಪೇರು ಇರುವವರು ಕಾಯಬಾರದು. ಮಗು ಬೇಕೆಂದು ನಿರ್ಧರಿಸಿದ ದಿನವೇ ಹೋಗಬೇಕು. ಮುಟ್ಟು ಮೂರು ತಿಂಗಳು ಬಾರದಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಸಿ, ಅದಿಲ್ಲವೆಂದಾದರೆ ವೈದ್ಯರನ್ನು ಕಾಣಿ. ಬಹುಕಾಲ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಮುಂದೆ ತೊಂದರೆ ಕೊಡಬಹುದು.

ಕಾರಣಗಳು ಹಲವು: ಥೈರಾಯ್ಡ್ ಗ್ರಂಥಿಯ ದೋಷ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಹೆಚ್ಚಳ, ತೂಕ ಅತಿಯಾಗಿ ಏರಿರುವುದು ಅಥವಾ ಇಳಿದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ ಪಿಸಿಓಎಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದಿದೆ. ಹೆಸರು ಕೇಳಿ ಎದೆಗುಂದಬೇಡಿ. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು, ಅಂದರೆ 70 ಕಿಲೋ ಇದ್ದವರು ಮೂರೂವರೆಯಿಂದ ಏಳು ಕಿಲೋ ಇಳಿಸಿದರೆ ಅನೇಕರಲ್ಲಿ ಮುಟ್ಟು ತಾನಾಗಿ ಹಾದಿಗೆ ಬರುತ್ತದೆ. ಬಾರದಿದ್ದರೆ ಅಂಡಾಣು ಬಲಿಯಲು ಮಾತ್ರೆಗಳಿವೆ. ಪಿಸಿಓಎಸ್ ಇರುವವರಿಗೆ ಹಳೆಯ ಕ್ಲೋಮಿಫೀನ್‌ಗಿಂತ ಲೆಟ್ರೊಜೋಲ್ ಮಾತ್ರೆ ಹೆಚ್ಚು ಫಲಕಾರಿ ಎಂದು 2014ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಇವನ್ನು ನೆರೆಮನೆಯವರ ಚೀಟಿ ನೋಡಿ ಕೊಂಡು ನುಂಗುವಂತಿಲ್ಲ. ವೈದ್ಯರ ಮೇಲ್ವಿಚಾರಣೆ ಅಗತ್ಯ.

ಪರೀಕ್ಷೆಗಳ ವಿಷಯದಲ್ಲೂ ಕ್ಯಾಲೆಂಡರಿನ ಭೂತ ಕಾಡುತ್ತದೆ. ಅಂಡಾಣು ಬಿಡುಗಡೆಯಾಯಿತೇ ಎಂದು ತಿಳಿಯಲು ಪ್ರೊಜೆಸ್ಟರಾನ್ ರಕ್ತ ಪರೀಕ್ಷೆಯನ್ನು 21ನೆಯ ದಿನ ಮಾಡಿಸುವುದು ರೂಢಿ. 42 ದಿನಗಳ ಚಕ್ರದವರಿಗೆ ಅಂದು ಅಂಡಾಣು ಇನ್ನೂ ಬಲಿತೇ ಇರುವುದಿಲ್ಲ. ಫಲಿತಾಂಶ ಕಡಿಮೆ ಬಂದು ಆಕೆ ಸುಮ್ಮನೆ ಗಾಬರಿಯಾಗುತ್ತಾಳೆ. ಪರೀಕ್ಷೆ ಆಗಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮೊದಲು, ಅಂದರೆ ಆಕೆಗೆ 35ನೆಯ ದಿನದ ಹೊತ್ತಿಗೆ. ಮುಟ್ಟು ಎಂದೆಂದು ತಿಳಿಯದಿದ್ದರೆ ಮುಟ್ಟಾಗುವವರೆಗೆ ವಾರಕ್ಕೊಮ್ಮೆ ಮಾಡಿಸಬೇಕಾಗಬಹುದು. ನಿಮ್ಮ ಚಕ್ರ ಎಷ್ಟು ದಿನದ್ದೆಂದು ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ. ಅದರಲ್ಲಿ ಸಂಕೋಚ ಬೇಡ.

ಗಂಡನೂ ಬರಲಿ

ಕೊನೆಯದಾಗಿ ಮನೆಯ ಹಿರಿಯರಿಗೊಂದು ಮಾತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ದೋಷವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸುಲಭ, ಖರ್ಚು ಕಡಿಮೆ, ನೋವಿಲ್ಲ. ಹೆಂಡತಿಯ ಮುಟ್ಟು ಏರುಪೇರು ಎಂಬ ಕಾರಣಕ್ಕೆ ಗಂಡ ಸರಿಯಾಗಿದ್ದಾನೆ ಎಂದು ಊಹಿಸಿಕೊಳ್ಳುವಂತಿಲ್ಲ. ಆಕೆಗೆ ಮೊದಲ ಮಾತ್ರೆ ಕೊಡುವ ಮುನ್ನವೇ ಆತನ ಪರೀಕ್ಷೆ ಆಗಬೇಕು. ಸೊಸೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ, ಹರಕೆಯಿಂದ ಹರಕೆಗೆ ಅಲೆಸಿ ಮಗನನ್ನು ಮನೆಯಲ್ಲಿ ಕೂರಿಸುವುದು ನ್ಯಾಯವಲ್ಲ, ಜಾಣತನವೂ ಅಲ್ಲ. "ಈ ತಿಂಗಳು ಏನಾಯಿತಮ್ಮ?" ಎಂದು ತಿಂಗಳು ತಿಂಗಳು ಕೇಳುವುದನ್ನೂ ದಯವಿಟ್ಟು ನಿಲ್ಲಿಸಿ. ಆ ಪ್ರಶ್ನೆಗೆ ಆಕೆ ಒಬ್ಬಳೇ ಬಚ್ಚಲುಮನೆಯಲ್ಲಿ ಅತ್ತಿರುತ್ತಾಳೆ.

ಅಂದು ಬಂದ ಹೆಣ್ಣುಮಗಳಿಗೆ ಥೈರಾಯ್ಡ್ ಮತ್ತಿತರ ಪರೀಕ್ಷೆಗಳಿಗೆ ಬರೆದುಕೊಟ್ಟು, ಮಗು ಹೊಟ್ಟೆಯಲ್ಲಿ ಮೂಡುವ ಮುನ್ನವೇ ಆರಂಭಿಸಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನೂ (ದಿನಕ್ಕೆ 400 ಮೈಕ್ರೋಗ್ರಾಂ) ಬರೆದುಕೊಟ್ಟೆ. ಮುಂದಿನ ಸಲ ಗಂಡನನ್ನು ಕರೆತರಲು ಹೇಳಿದೆ. ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ನಾನೇ ಕಳಿಸಿಕೊಡ್ತೀನಿ" ಎಂದರು. ನನಗೆ ಅದು ಒಳ್ಳೆಯ ಆರಂಭವೆನ್ನಿಸಿತು.

ಕ್ಯಾಲೆಂಡರನ್ನು ಎಸೆಯಬೇಕಿಲ್ಲ. ಮುಟ್ಟಾದ ದಿನಕ್ಕೆ ಕೆಂಪು ಗುರುತು ಹಾಕುತ್ತಿರಿ, ವೈದ್ಯರಿಗೆ ಅದರಿಂದ ಬಹಳ ಅನುಕೂಲ. ನೀಲಿ ಗುರುತನ್ನು ಮಾತ್ರ ಬಿಟ್ಟುಬಿಡಿ. ಆ ಜಾಗದಲ್ಲಿ ಹಾಲಿನ ಲೆಕ್ಕ ಬರೆದುಕೊಳ್ಳಬಹುದು.