ಗಣಕವೆಂಬ ಲಿಪಿಕಾರ ಮತ್ತು ಪಾಠನಿಷ್ಠೆ

ಹಳೆಯ ಮುದ್ರಿತ ಗ್ರಂಥಗಳ ಪುಟಚಿತ್ರಗಳನ್ನು ಗಣಕದಿಂದ ಓದಿಸಿ ಪಠ್ಯವಾಗಿಸುವ ಮುಕ್ತ ತಂತ್ರಾಂಶಗಳು ಇಂದು ಕನ್ನಡ ಸಂಶೋಧಕರಿಗೆ ಉಚಿತವಾಗಿ ಲಭ್ಯವಿವೆ. ಪದಸೂಚಿ, ನಿಘಂಟು, ಶೈಲಿಯ ಅಧ್ಯಯನ ಮೊದಲಾದವಕ್ಕೆ ಇಂತಹ ಪಠ್ಯ ಆಕರವಾಗಬಲ್ಲದು. ಆದರೆ ಆ ತಂತ್ರಾಂಶದ ಸ್ಥಾಪನೆಯನ್ನು ತಂತ್ರಜ್ಞರ ಕೆಲಸವೆಂದು ಬದಿಗಿಡುವುದು ಸಾಧುವಲ್ಲ. ಅದರ ವಿವರವೂ ಸಂಶೋಧನೆಯ ಅಂಗವೇ ಆಗಿದೆ.

ಈ ಮಾತಿಗೆ ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶವನ್ನು ನಿದರ್ಶನವಾಗಿ ನೋಡಬಹುದು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ೧೯೮೦ರ ದಶಕದಲ್ಲಿ ರೂಪುಗೊಳ್ಳತೊಡಗಿದ ಇದು ೨೦೦೫ರಲ್ಲಿ ಮುಕ್ತ ತಂತ್ರಾಂಶವಾಯಿತು. ಪೈಥಾನ್ ಭಾಷೆಯನ್ನು ಬಳಸುವವರು ‘ಪಿಪ್’ ಎಂಬ ಸಾಧನಕ್ಕೆ ಒಂದು ಆದೇಶವಿತ್ತು ‘ಪೈಟೆಸರಾಕ್ಟ್’ ಲೈಬ್ರರಿಯನ್ನು ಸ್ಥಾಪಿಸಿಕೊಳ್ಳುತ್ತಾರೆ. ಆದರೆ ಅದು ಟೆಸರಾಕ್ಟ್‌ಗೆ ಕೆಲಸ ಒಪ್ಪಿಸುವ ಮಧ್ಯವರ್ತಿ ಮಾತ್ರ; ಮೂಲ ತಂತ್ರಾಂಶವನ್ನು ಬೇರೆಯಾಗಿ ಸ್ಥಾಪಿಸಬೇಕು. ಡೆಬಿಯನ್ ಲಿನಕ್ಸ್‌ನಲ್ಲಿ ಅದರೊಡನೆ ಇಂಗ್ಲಿಷಿನ ದತ್ತಾಂಶ ತಾನಾಗಿ ಬರುತ್ತದೆ. ಕನ್ನಡದ್ದು ಪ್ರತ್ಯೇಕ ಪ್ಯಾಕೇಜು. ಕನ್ನಡದ ದತ್ತಾಂಶದಲ್ಲಿಯೂ ವೇಗಕ್ಕೆ ಪ್ರಾಶಸ್ತ್ಯವಿರುವುದು, ನಿಖರತೆಗೆ ಪ್ರಾಶಸ್ತ್ಯವಿರುವುದು ಎಂಬ ಭೇದಗಳಿವೆ. ೨೦೧೮ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲ ಮಾದರಿಯನ್ನು ಅಳವಡಿಸಲಾಗಿ, ಅಕ್ಷರವನ್ನು ಗುರುತಿಸುವ ವಿಧಾನವೇ ಬದಲಾಯಿತು.

ಹೀಗಿರುವಾಗ ಒಂದೇ ಪುಟವನ್ನು ಎರಡು ಗಣಕಗಳು ಭಿನ್ನವಾಗಿ ಓದಬಹುದು. ದಕಾರ ಧಕಾರಗಳ ನಡುವೆ ಇರುವುದು ಒಂದು ಕಿರುಗೆರೆಯ ಅಂತರ. ‘ಧನ’ವು ‘ದನ’ವಾದರೆ ಪದಸೂಚಿಯೂ ಅದನ್ನು ನೆಚ್ಚಿದ ತೀರ್ಮಾನವೂ ದಾರಿತಪ್ಪುತ್ತವೆ.

ಆಧಾರ ಪ್ರತಿ ಯಾವುದು, ಪಾಠಾಂತರಗಳೇನು ಎಂಬುದನ್ನು ತಿಳಿಸದ ಸಂಪಾದನೆಯನ್ನು ಶಾಸ್ತ್ರೀಯವೆಂದು ಕನ್ನಡ ಗ್ರಂಥಸಂಪಾದನ ಶಾಸ್ತ್ರ ಒಪ್ಪುವುದಿಲ್ಲ. ಓಲೆಪ್ರತಿಯ ಲಿಪಿಕಾರನ ಸ್ಥಾನದಲ್ಲಿ ಈಗ ತಂತ್ರಾಂಶವಿದೆ. ಲಿಪಿಕಾರನ ಸ್ಖಾಲಿತ್ಯಗಳನ್ನು ಪರಿಶೀಲಿಸುವ ವಿದ್ವತ್ತು ಗಣಕದ ಪಾಠವನ್ನು ಪ್ರಶ್ನಿಸದೆ ಸ್ವೀಕರಿಸಿದರೆ ತನ್ನ ಶಿಸ್ತನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊರೆಯೆಂಬ ಆಕ್ಷೇಪ ಬರಬಹುದು. ಆದರೆ ಸ್ಥಾಪಿತವಾದ ಪೈಥಾನ್ ಲೈಬ್ರರಿಗಳ ಹೆಸರನ್ನೂ ಆವೃತ್ತಿಯನ್ನೂ ‘ಪಿಪ್ ಫ್ರೀಜ್’ ಎಂಬ ಆದೇಶವೇ ಪಟ್ಟಿಮಾಡಿ ಕೊಡುತ್ತದೆ. ಅದಕ್ಕೆ ಟೆಸರಾಕ್ಟ್‌ನ ಆವೃತ್ತಿಯನ್ನೂ ಕನ್ನಡ ದತ್ತಾಂಶದ ವಿವರವನ್ನೂ ಸೇರಿಸಿದರೆ ಅರ್ಧ ಪುಟ ಸಾಕು. ಮುಕ್ತ ತಂತ್ರಾಂಶದ ಹಳೆಯ ಆವೃತ್ತಿಗಳೂ ಸಾಮಾನ್ಯವಾಗಿ ಉಳಿದಿರುವುದರಿಂದ, ಮುಂದಿನ ಸಂಶೋಧಕರು ಅವನ್ನೇ ಸ್ಥಾಪಿಸಿ ಫಲಿತಾಂಶವನ್ನು ಪರೀಕ್ಷಿಸಬಹುದು. ಗಣಕದ ನೆರವು ಪಡೆದ ಮಹಾಪ್ರಬಂಧಗಳಲ್ಲಿ ಈ ಅರ್ಧ ಪುಟವನ್ನು ವಿಶ್ವವಿದ್ಯಾಲಯಗಳು ಕಡ್ಡಾಯಗೊಳಿಸುವುದು ಅಗತ್ಯ.