ದೊಡ್ಡ ಹೆಸರೂ ಎಳೆಯ ವಕೀಲರೂ

ಪುತ್ತೂರಿನ ವಿವೇಕಾನಂದ, ಸುಳ್ಯದ ಕೆ.ವಿ.ಜಿ. ಕಾನೂನು ಕಾಲೇಜುಗಳಲ್ಲಿ ಓದಿದ ತರುಣ ತರುಣಿಯರು ಬೆಂಗಳೂರು, ಮುಂಬಯಿಗಳ ದೊಡ್ಡ ವಕೀಲಿ ಸಂಸ್ಥೆಗಳ ಹೆಸರಿಗೆ ಮನಸೋತರೆ ಆಶ್ಚರ್ಯವಿಲ್ಲ. ಆ ಹೆಸರನ್ನು ನಾವು ಹಳಿಯುವವರಲ್ಲ. ಅಲ್ಲಿ ಸಂಬಳವುಂಟು, ಶಿಸ್ತುಂಟು, ಕಂಪೆನಿ ಕಾನೂನಿನ ಪರಿಚಯವುಂಟು. ಆದರೆ ಕೀರ್ತಿಯು ಸಂಸ್ಥೆಯದು. ತನ್ನದಾಗಿ ಉಳಿಯುವುದು ಕಲಿತ ವಿದ್ಯೆಯೊಂದೇ. ತನ್ನ ಕೈಗೆ ಬರುವ ಕೆಲಸವೇನು, ತಿದ್ದುವ ಹಿರಿಯರಾರು, ನ್ಯಾಯಾಧೀಶರೆದುರು ನಿಲ್ಲುವ ದಿನವೆಂದು ಎಂಬುದನ್ನು ವಿಚಾರಿಸದೆ ಹೆಸರನ್ನಷ್ಟೇ ತೂಗುವುದು ವಿವೇಕವಲ್ಲ. ಕಡಬದ ಕೃಷಿಕನ ಕುಮ್ಕಿ ತಕರಾರು, ಕುಟುಂಬದ ಪಾಲಿನ ದಾವೆ, ಸಾಕ್ಷಿಯ ಪಾಟೀಸವಾಲು ಇವುಗಳಿಗೆ ಊರ ನ್ಯಾಯಾಲಯವೇ ಪಾಠಶಾಲೆ.

ಹಾಗೆಂದು ಬರಿಯ ಉಪದೇಶದಿಂದ ಹೊಟ್ಟೆ ತುಂಬದು. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಗಳನ್ನಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರದಲ್ಲಿ ಸೂಚಿಸಿತು. ಅದು ಸಲಹೆಯೇ ಹೊರತು ಕಟ್ಟಳೆಯಲ್ಲ. ನಮ್ಮ ಹಿರಿಯ ವಕೀಲರು ಅದನ್ನು ತಾವಾಗಿಯೇ ಪಾಲಿಸಲಿ. ಬಡವರ ಮಕ್ಕಳು ದೊಡ್ಡ ಹೆಸರನ್ನು ಅರಸಿ ಹೊರಡುವುದು ಎಷ್ಟೋ ಸಲ ಕೀರ್ತಿಯ ಮೋಹದಿಂದಲ್ಲ, ಅನ್ನಕ್ಕಾಗಿ.