ಹೆದರಬೇಕಾದ ಮಾತ್ರೆ ಯಾವುದು?

ಕೀಲುನೋವು ಇರುವ ಮನೆಗಳಲ್ಲಿ ಒಂದು ವಿಚಿತ್ರ ಲೆಕ್ಕಾಚಾರ ನಡೆಯುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ವೈದ್ಯರು ಮೆಥೋಟ್ರೆಕ್ಸೇಟ್ ಬರೆದುಕೊಟ್ಟರೆ, 'ಅದು ಕ್ಯಾನ್ಸರ್‌ಗೆ ಕೊಡೋದಂತೆ, ತುಂಬಾ ಸ್ಟ್ರಾಂಗು' ಎಂದು ಚೀಟಿ ಮಡಚಿ ಬೀರುವಿಗೆ ಸೇರಿಸುತ್ತಾರೆ. ಅದೇ ಕೈ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಬಾಯಿಗೆ ಹಾಕುತ್ತದೆ. ಮೊದಲನೆಯದನ್ನು ವಾರಕ್ಕೊಮ್ಮೆ, ಕ್ಯಾನ್ಸರ್‌ಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ, ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ಎರಡನೆಯದಕ್ಕೆ ಕಾವಲೇ ಇಲ್ಲ.

ಹಾಗೆಂದು ನೋವನ್ನು ಹಲ್ಲುಕಚ್ಚಿ ಸಹಿಸುವುದೇನೂ ದೊಡ್ಡಸ್ತಿಕೆಯಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಲಕ್ಷಾಂತರ ಜನರನ್ನು ಹಿಡಿದಾಗ, ಜ್ವರ ಬಿಟ್ಟ ಮೇಲೂ ಕೀಲುನೋವು ಬಿಡದವರು ಎಷ್ಟೋ ಮಂದಿ. ಕೂಲಿಗೆ ಹೋಗಲೇಬೇಕಾದವರಿಗೆ ನೋವಿನ ಮಾತ್ರೆ ಎಂಥ ಉಪಕಾರವೆಂದು ಯಾರೂ ಹೇಳಿಕೊಡಬೇಕಿಲ್ಲ. ಪ್ರಶ್ನೆ ಮಾತ್ರೆ ಬೇಕೋ ಬೇಡವೋ ಎಂಬುದಲ್ಲ; ಯಾರಿಗೆ, ಎಷ್ಟು ದಿನ ಎಂಬುದು.

ಈ ಮಾತ್ರೆಗಳ ಗುಟ್ಟು ಬಯಲಾದದ್ದು 1971ರಲ್ಲಿ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಿಗಳು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತವೆ ಎಂದು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ತೊಡಕಿರುವುದೂ ಇಲ್ಲೇ. ಮಂಡಿಯಲ್ಲಿ ಊತ, ನೋವು ತರುವ ಈ ರಾಸಾಯನಿಕಗಳೇ ಜಠರದ ಒಳಪದರವನ್ನು ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ಮಂಡಿಯದನ್ನಷ್ಟೇ ತಡೆ, ಉಳಿದದ್ದನ್ನು ಬಿಡು ಎಂದರೆ ಮಾತ್ರೆ ಕೇಳುವುದಿಲ್ಲ.

'ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ ತಗೋತೀವಲ್ಲ' ಎಂಬುದು ಸಿದ್ಧ ಉತ್ತರ. ಅದು ಕಾಯುವುದು ಹೊಟ್ಟೆಯನ್ನು. ಹೃದಯ, ಕಿಡ್ನಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಯೊಂದನ್ನೇ ನೋಡಿದರೆ ಏನಾಗುತ್ತದೆಂಬುದಕ್ಕೆ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯೇ ಸಾಕ್ಷಿ. ಜಠರಕ್ಕೆ ಹಿತವೆಂದು 1999ರಲ್ಲಿ 'ವಯಾಕ್ಸ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಿಯನ್ನು 2004ರ ಸೆಪ್ಟೆಂಬರ್ 30ರಂದು ಮರ್ಕ್ ಕಂಪನಿ ತಾನೇ ಹಿಂತೆಗೆದುಕೊಂಡಿತು. ದೀರ್ಘಕಾಲ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದವು. ಅದು ಹೋಯಿತು, ಪೀಡೆ ಕಳೆಯಿತು ಎನ್ನುವಂತಿಲ್ಲ: 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ತೀವ್ರ ಹೃದ್ರೋಗ ಇರುವವರಿಗೆ ನಮ್ಮ ಚಿರಪರಿಚಿತ ಡೈಕ್ಲೋಫೆನಾಕ್ ಕೂಡ ಬೇಡವೆಂದರು.

ಕಿಡ್ನಿಯ ಅಪಾಯ ಇನ್ನೂ ಸದ್ದಿಲ್ಲದ್ದು. ಅರವತ್ತು ದಾಟಿದ ಎಷ್ಟೋ ಜನ ಬಿಪಿಗೆ ಟೆಲ್ಮಿಸಾರ್ಟಾನ್‌ನಂಥ ಮಾತ್ರೆ, ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಈ ಎರಡಕ್ಕೆ ನೋವಿನ ಮಾತ್ರೆ ಮೂರನೆಯದಾಗಿ ಸೇರಿದರೆ ಕಿಡ್ನಿ ಹಠಾತ್ತನೆ ಸೋಲಬಹುದು. ವಾಂತಿಭೇದಿಯಾಗಿ ಮೈ ನೀರು ಕಳೆದುಕೊಂಡಿದ್ದರಂತೂ ಅಪಾಯ ಇನ್ನೂ ಹೆಚ್ಚು. ಬಿಪಿ ಮಾತ್ರೆ ಬರೆದವರಿಗೆ ನೋವಿನ ಮಾತ್ರೆಯ ಸುದ್ದಿಯೇ ತಿಳಿದಿರುವುದಿಲ್ಲ.

ಮಂಡಿ ಸವೆತಕ್ಕೆ ಮಾತ್ರೆಗಿಂತ ಮೊದಲು ಜೆಲ್ ಹಚ್ಚಿ ನೋಡಿ ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ಹಚ್ಚಿದ ಡೈಕ್ಲೋಫೆನಾಕ್ ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದರೆ ಶೇ 6ರಷ್ಟು. ಆದರೂ ನುಂಗದ ಔಷಧಿಯ ಮೇಲೆ ನಮ್ಮವರಿಗೆ ಭರವಸೆ ಕಡಿಮೆ.

ರುಮಟಾಯ್ಡ್ ಇದ್ದವರ ಸಂಗತಿ ಬೇರೆ. ಅಲ್ಲಿ ನೋವಿನ ಮಾತ್ರೆ ಊತ ಇಳಿಸುತ್ತದೆ, ಕೀಲು ಹಾಳಾಗುವುದನ್ನು ನಿಲ್ಲಿಸುವುದಿಲ್ಲ. ಅದನ್ನು ತಡೆಯಬಲ್ಲದ್ದು ಬೀರುವಿನಲ್ಲಿರುವ ಆ ಚೀಟಿಯ ಔಷಧಿಯೇ, ಅದೂ ಬೇಗ ಶುರುವಾದರೆ. ರೋಗವನ್ನು ಗುರುತಿಸಲು, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಸಂಧಿವಾತ ತಜ್ಞರು ತಪ್ಪದೆ ಕೇಳುತ್ತಾರೆ. ಎದ್ದ ಕೂಡಲೇ ಮಾತ್ರೆ ನುಂಗಿ ಅಭ್ಯಾಸವಾದವರಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ.